525 ಪಟ್ಟು ಎಂದು ಬರೆದಿದ್ದ ದೂರದರ್ಶಕ

ಮಗಳ ಒತ್ತಾಯಕ್ಕೆ 2025ರ ನವೆಂಬರಿನಲ್ಲಿ ಕೊಂಡ, 70 ಮಿ.ಮೀ. ವ್ಯಾಸ ಮತ್ತು 700 ಮಿ.ಮೀ. ಸಂಗಮದೂರದ (ಮಸೂರದಿಂದ ಬೆಳಕು ಒಂದೆಡೆ ಸೇರುವ ಜಾಗದವರೆಗಿನ ದೂರ) ಮಸೂರವುಳ್ಳ ದೂರದರ್ಶಕವನ್ನು ಒಂದು ಚಳಿಗಾಲವಿಡೀ ತಾರಸಿಯ ಮೇಲೆ ಬಳಸಿದ ನಂತರ ಈ ವಿಮರ್ಶೆ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಬೇಡ. ಈ ಅಳತೆಯ ದೂರದರ್ಶಕಗಳು ಹಲವು ಹೆಸರುಗಳಲ್ಲಿ ಸಿಗುತ್ತವೆ.

ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 525 ಪಟ್ಟು ಎಂದಿದೆ, ಅಂದರೆ ಅಷ್ಟು ಪಟ್ಟು ಹಿಗ್ಗಿಸಿ ತೋರಿಸುತ್ತದಂತೆ. ಲೆಕ್ಕದಲ್ಲಿ ತಪ್ಪಿಲ್ಲ, ಸಂಗಮದೂರವಾದ 700ನ್ನು ಜೊತೆಗೆ ಕೊಟ್ಟಿರುವ 4 ಮಿ.ಮೀ. ಐಪೀಸಿನ (ಕಣ್ಣಿಟ್ಟು ನೋಡುವ ಮಸೂರ) ಅಳತೆಯಿಂದ ಭಾಗಿಸಿ, ಚಿತ್ರವನ್ನು ಮೂರು ಪಟ್ಟು ಹಿಗ್ಗಿಸಲು ಐಪೀಸಿನ ಜೊತೆ ಸೇರಿಸುವ ಬಾರ್ಲೋ ಮಸೂರದ 3ರಿಂದ ಗುಣಿಸಿದರೆ ಅಷ್ಟೇ ಬರುತ್ತದೆ. ಆದರೆ ಮುಂದಿನ ಮಸೂರದ ವ್ಯಾಸದ ಎರಡರಷ್ಟನ್ನು, ಅಂದರೆ ಇಲ್ಲಿ ಸುಮಾರು 140 ಪಟ್ಟನ್ನು ದಾಟಿದ ಮೇಲೆ ಚಿತ್ರ ಹಿಗ್ಗುತ್ತದೆಯೇ ಹೊರತು ಹೊಸ ವಿವರವೇನೂ ಕಾಣುವುದಿಲ್ಲ. 525ರಲ್ಲಿ ನೋಡಿದ ಗುರುಗ್ರಹ ನೀರಿನಲ್ಲಿ ಕರಗುತ್ತಿರುವ ಬೆಲ್ಲದ ಉಂಡೆಯಂತಿತ್ತು. ಆ ಬಾರ್ಲೋ ಅಂದಿನಿಂದ ಮೇಜಿನ ಡ್ರಾಯರಿನಲ್ಲಿದೆ.

ನಿಜವಾಗಿ ಕೆಲಸಕ್ಕೆ ಬರುವುದು 28 ಪಟ್ಟು ಕೊಡುವ 25 ಮಿ.ಮೀ. ಐಪೀಸು. ಗೆಲಿಲಿಯೊ 1610ರ ಜನವರಿ 7ರಂದು ಪಡುವಾದಲ್ಲಿ ಗುರುವನ್ನು ನೋಡಿದ್ದು ಸುಮಾರು 20 ಪಟ್ಟಿನ ಕೊಳವೆಯಲ್ಲಿ. ಆ ರಾತ್ರಿ ಕಂಡ ಮೂರು ಚುಕ್ಕೆಗಳನ್ನು ಆತ ನಕ್ಷತ್ರಗಳೆಂದೇ ಎಣಿಸಿದ್ದ. ಅವು ಗುರುವನ್ನು ಬಿಟ್ಟುಹೋಗದೆ ಅದರ ಅಕ್ಕಪಕ್ಕದಲ್ಲೇ ಜಾಗ ಬದಲಿಸುವುದನ್ನು ರಾತ್ರಿ ರಾತ್ರಿ ಬರೆದಿಟ್ಟುಕೊಂಡು, 13ರಂದು ನಾಲ್ಕನೆಯದನ್ನೂ ಕಂಡ ಮೇಲೆ, ಅವು ಗುರುವನ್ನು ಸುತ್ತುವ ಚಂದ್ರರೆಂಬುದು ಗಟ್ಟಿಯಾಯಿತು.

ಇದನ್ನು ಕೇಳಿದ ಮಗಳು ಗೀಟಿಲ್ಲದ ನೋಟ್‌ಬುಕ್ಕಿನಲ್ಲಿ ಒಂದು ವೃತ್ತ, ನಾಲ್ಕು ಚುಕ್ಕೆ, ಪಕ್ಕದಲ್ಲಿ ಸಮಯ ಎಂದು ಗುರುತು ಹಾಕತೊಡಗಿದಳು. ಒಂದು ರಾತ್ರಿ ಎಂಟು ಗಂಟೆಗೆ ಮೂರೇ ಚುಕ್ಕೆಗಳಿದ್ದವು. ಮಸೂರಕ್ಕೆ ಇಬ್ಬನಿ ಹಿಡಿದಿದೆ ಎಂದೆ. ಹತ್ತಕ್ಕೆ ಮತ್ತೆ ನೋಡಿದಾಗ ಗುರುವಿನ ಅಂಚಿಗೆ ಅಂಟಿಕೊಂಡಂತೆ ನಾಲ್ಕನೆಯದು ಇಣುಕಿತ್ತು. ಅದು ಸುಮಾರು 42 ಗಂಟೆಗೊಮ್ಮೆ ಸುತ್ತು ಮುಗಿಸುವ ಅಯೋ ಎಂದು ಮೊಬೈಲಿನ ನಕ್ಷೆ ತಿಳಿಸಿತು. ಅದೇ ನಕ್ಷೆ ಇನ್ನೊಂದು ತಲೆನೋವನ್ನೂ ತಂದಿತು: ಮಗಳ ಚಿತ್ರಗಳಲ್ಲೆಲ್ಲ ಎಡಬಲ ಅದಲುಬದಲಾಗಿದ್ದವು. ವಾರ ಕಳೆದ ಮೇಲೆ, ಐಪೀಸು ಕೂರುವ ಬಾಗಿದ ತುಂಡಿನೊಳಗಿನ ಕನ್ನಡಿಯೇ ಅದಕ್ಕೆ ಕಾರಣವೆಂದು ತಿಳಿಯಿತು. ಜೊತೆಗೆ ಬಂದ ಕೈಪಿಡಿಯಲ್ಲಿ ಇದರ ಸುಳಿವೇ ಇಲ್ಲ. ಹಳೆಯ ಚಿತ್ರಗಳನ್ನು ತಿದ್ದಲು ಮಗಳು ಒಪ್ಪಲಿಲ್ಲ. ಪುಟದ ಮೇಲೆ "ಕನ್ನಡಿ" ಎಂದು ಬರೆದು ಮುಂದುವರಿದಳು.

ಶನಿ ಈ ಸಲ ಅಷ್ಟು ರಂಜಿಸಲಿಲ್ಲ. 2025ರಲ್ಲಿ ಅದರ ಉಂಗುರಗಳ ಅಂಚು ಭೂಮಿಯತ್ತ ತಿರುಗಿದ್ದರಿಂದ 70 ಪಟ್ಟಿನಲ್ಲಿ ಕೂದಲೆಳೆಯಷ್ಟು ಗೆರೆ ಮಾತ್ರ ಕಂಡಿತು.

ಡಬ್ಬಿಯಲ್ಲಿದ್ದ, ಐಪೀಸಿಗೆ ತಿರುಗಿಸಿ ಕೂರಿಸುವ ಸೂರ್ಯ ಫಿಲ್ಟರನ್ನು ಮೊದಲ ದಿನವೇ ಕಸಕ್ಕೆ ಹಾಕಿದೆ. ಮಸೂರ ಒಂದೆಡೆ ಸೇರಿಸಿದ ಬಿಸಿಲಿನ ಕಾವಿಗೆ ಅದು ಒಡೆದರೆ ಕಣ್ಣು ಉಳಿಯುವುದಿಲ್ಲ. ಮಕ್ಕಳಿರುವ ಮನೆಯವರು ಇದನ್ನು ಮರೆಯಬಾರದು. ಟ್ರೈಪಾಡು ತೆಳು ಅಲ್ಯೂಮಿನಿಯಮ್ಮಿನದು, ಗಾಳಿ ಬೀಸಿದರೆ ಗುರುವೇ ಕುಣಿಯುತ್ತದೆ. ಕಾಲುಗಳ ನಡುವೆ ಮರಳಿನ ಚೀಲ ತೂಗುಹಾಕಿದ ಮೇಲೆ, ಫೋಕಸ್ ತಿರುಗಿಸಿ ಮೂರು ಎಣಿಸುವಷ್ಟರಲ್ಲಿ ಚಿತ್ರ ನಿಲ್ಲುತ್ತಿದೆ.