ಬಿಲ್ಲಿಂಗ್ ಸಾಫ್ಟ್‌ವೇರ್ ಕೊಳ್ಳುವವರೇ, ಹಣ ಕೊಡುವ ಮುಂಚೆ ಇದನ್ನು ಓದಿ

ಮಂಗಳೂರು, ಉಡುಪಿ ಕಡೆಯ ಅಂಗಡಿಯವರೆಲ್ಲ ದಯವಿಟ್ಟು ಗಮನಿಸಿ. "ಜಿಎಸ್‌ಟಿ ಬಿಲ್ಲಿಗೆ ಎಷ್ಟು ಐಟಂ ಬೇಕಾದರೂ ಸೇರಿಸಿ, ತೆರಿಗೆ ತಾನಾಗಿ ಬೀಳುತ್ತದೆ, ಕನ್ನಡದಲ್ಲೇ ಕೈಪಿಡಿ ಕೊಡುತ್ತೇವೆ" ಎನ್ನುತ್ತಾ ಯಾರಾದರೂ ಬಂದರೆ ಒಂದು ರೂಪಾಯಿ ಮುಂಗಡ ಕೊಡಬೇಡಿ. ನನ್ನಿಂದ ಇಡೀ ವರ್ಷದ ಹಣ ತೆಗೆದುಕೊಂಡಿದ್ದಾರೆ, ಅದರ ಮೇಲೆ 18% ಜಿಎಸ್‌ಟಿ ಬೇರೆ.

ನಮ್ಮದು ಮಂಗಳೂರಿನ ಬಂದರಿನಲ್ಲಿ ಕೃಷಿ ಸಾಮಾನಿನ ಅಂಗಡಿ. ಪುತ್ತೂರು, ಸುಳ್ಯ, ಬಂಟ್ವಾಳದ ತೋಟದವರು, ಗಡಿಯಾಚೆ ಕೇರಳದ ಮಂಜೇಶ್ವರ, ಕಾಸರಗೋಡಿನ ವ್ಯಾಪಾರಿಗಳು ನಮ್ಮ ಗಿರಾಕಿಗಳು. ಒಂದೇ ಬಿಲ್ಲಿನಲ್ಲಿ ಪಿವಿಸಿ ಪೈಪು ಇರುತ್ತದೆ, ಅದಕ್ಕೆ 18%. ಅಡಿಕೆಗೆ ಮದ್ದು ಬಿಡುವ ಪಂಪು ಇರುತ್ತದೆ, ಅದು 2025ರ ಸೆಪ್ಟೆಂಬರ್ 22ರಿಂದ 12% ಹೋಗಿ 5% ಆಗಿದೆ. ಗುದ್ದಲಿ, ಪಿಕಾಸಿ, ಕತ್ತಿಗಳಿಗೆ ತೆರಿಗೆಯೇ ಇಲ್ಲ. ಸರಕು ನಮ್ಮ ರಾಜ್ಯದೊಳಗೆ ಪುತ್ತೂರಿಗೆ ಹೋದರೆ ತೆರಿಗೆ ಎರಡು ಪಾಲು: ಅರ್ಧ ಕೇಂದ್ರದ ಸಿಜಿಎಸ್‌ಟಿ, ಅರ್ಧ ರಾಜ್ಯದ ಎಸ್‌ಜಿಎಸ್‌ಟಿ. ಮಂಜೇಶ್ವರಕ್ಕೆ ಹೋದರೆ ಹೊರರಾಜ್ಯದ ಮಾರಾಟಕ್ಕೆ ಬೀಳುವ ಐಜಿಎಸ್‌ಟಿ ಒಂದೇ. ಇದನ್ನೆಲ್ಲ ಬಿಡಿಸಿ ಹೇಳಿಯೇ ವ್ಯವಹಾರ ಮಾತಾಡಿದ್ದು. "ಎಲ್ಲ ಆಗುತ್ತದೆ ಸರ್" ಎಂದರು. ಅಂಗಡಿಗೆ ಬಂದು ಮಾಡಿಯೂ ತೋರಿಸಿದರು. ಆದರೆ ತೋರಿಸಿದ ಬಿಲ್ಲಿನಲ್ಲಿ ಇದ್ದದ್ದು ಒಂದೇ ಐಟಂ, ಗಿರಾಕಿ ಮಂಗಳೂರಿನವನು. ಅಷ್ಟು ಮಾತ್ರ ಅದಕ್ಕೆ ಬರುತ್ತದೆ ಎಂದು ಅವರಿಗೆ ಅವತ್ತೇ ಗೊತ್ತಿತ್ತು.

ಮಂಜೇಶ್ವರದ ಒಂದು ಬಿಲ್ಲಿನಲ್ಲಿ ಬಣ್ಣ ಬಯಲಾಯಿತು. ಮೊದಲ ಎರಡು ಸಾಲು ಪೈಪು ಮತ್ತು ಅದರ ಬೆಂಡು (ತಿರುವಿಗೆ ಹಾಕುವ ತುಂಡು), ಐಜಿಎಸ್‌ಟಿ 18%, ಸರಿ ಇತ್ತು. ಗಾಡಿಗೆ ತುಂಬಿಸುವಾಗ ಗಿರಾಕಿ ಫೋನ್ ಮಾಡಿ ಆರು ಗುದ್ದಲಿಯೂ ಬೇಕೆಂದರು. ಹುಡುಗ ಅದೇ ಬಿಲ್ ತೆರೆದು ಪ್ಲಸ್ ಗುರುತು ಒತ್ತಿ ಮೂರನೆಯ ಸಾಲು ಸೇರಿಸಿದ. ಸಾಮಾನು ಯಾವ ಬಗೆಯದು ಎಂದು ಹೇಳುವ ಎಚ್‌ಎಸ್‌ಎನ್ ಸಂಖ್ಯೆ 8201 ಸರಿಯಾಗಿಯೇ ಬಂತು. ಅದರ ಎದುರಿಗೆ ಸಿಜಿಎಸ್‌ಟಿ 9%, ಎಸ್‌ಜಿಎಸ್‌ಟಿ 9%! ತೆರಿಗೆ ಇಲ್ಲದ ಸಾಮಾನಿಗೆ ತೆರಿಗೆ, ಅದೂ ಕೇರಳಕ್ಕೆ ಹೋಗುವ ಸರಕಿಗೆ ಕರ್ನಾಟಕದ ತೆರಿಗೆ. ಒಂದೇ ಬಿಲ್ಲಿನಲ್ಲಿ ಐಜಿಎಸ್‌ಟಿಯೂ ಇದೆ, ಎಸ್‌ಜಿಎಸ್‌ಟಿಯೂ ಇದೆ. "ಇದೆಂಥ ಬಿಲ್ ಮಾರಾಯರೇ, ನಮ್ಮ ಲೆಕ್ಕದವರು ಇದನ್ನು ಮುಟ್ಟುವುದಿಲ್ಲ" ಎಂದು ಆ ಗಿರಾಕಿ ಹೇಳಿದಾಗ ನನಗೆ ತಲೆ ಎತ್ತಲಾಗಲಿಲ್ಲ. ನನ್ನ ತಂದೆಯ ಕಾಲದಿಂದ ನಮ್ಮಲ್ಲಿಗೆ ಬರುವ ಮನೆಯವರು ಅವರು.

ಹಳೆಯ ಬಿಲ್‌ಗಳನ್ನು ತೆಗೆದು ನೋಡಿದರೆ ಎಲ್ಲ ಕಡೆಯೂ ಇದೇ ಕಥೆ. ಸೇವ್ ಮಾಡಿದ ಬಿಲ್ಲಿಗೆ ಐಟಂ ಸೇರಿಸಿದರೆ ಸಾಕು, ಹೊಸ ಸಾಲು ಮೇಲಿನ ಸಾಲಿನ ದರವನ್ನೇ ಎತ್ತಿಕೊಳ್ಳುತ್ತದೆ, ಗಿರಾಕಿಯ ರಾಜ್ಯವನ್ನು ಬಿಟ್ಟು ನಮ್ಮ ರಾಜ್ಯವನ್ನು ಹಿಡಿಯುತ್ತದೆ.

ಫೋನ್ ಮಾಡಿದೆ. "ಕೈಪಿಡಿಯಲ್ಲಿ ಎಲ್ಲ ಇದೆ ಸರ್, ಓದಿ." ಓದಿದೆ. ಐಟಂ ಸೇರಿಸುವ ಬಗ್ಗೆ ಇರುವುದು ಒಂದೇ ವಾಕ್ಯ: ಪ್ಲಸ್ ಗುರುತನ್ನು ಒತ್ತಿರಿ, ತೆರಿಗೆ ತಾನಾಗಿ ಬರುತ್ತದೆ. ಕೆಳಗೆ ಒಂದು ಚಿತ್ರ. ಆ ಚಿತ್ರದ ಪರದೆಯಲ್ಲಿ ಪ್ಲಸ್ ಗುರುತು ಎಡಗಡೆ, ನನ್ನ ಕಂಪ್ಯೂಟರಿನಲ್ಲಿ ಬಲಗಡೆ. ಚಿತ್ರದ ಬಿಲ್ಲಿನಲ್ಲಿ ಪಂಪಿಗೆ ಇನ್ನೂ 12%. ದೊಡ್ಡದು ಮಾಡಿ ನೋಡಿದೆ. ಮೇಲಿನ ಮೂಲೆಯಲ್ಲಿ ಬಿಳಿ ಪಟ್ಟಿ ಅಂಟಿಸಿದ್ದಾರೆ, ಅದರ ಅಂಚಿನಿಂದ ಬೇರೆ ಯಾವುದೋ ಸಾಫ್ಟ್‌ವೇರಿನ ಹೆಸರಿನ ಕೊನೆಯ ಅಕ್ಷರಗಳು ಹೊರಗೆ ಕಾಣುತ್ತಿವೆ! ಬೇರೆಯವರ ಕೈಪಿಡಿಯನ್ನು ಕದ್ದು, ಹೆಸರು ಮುಚ್ಚಿ, ನನಗೆ ಮಾರಿದ್ದಾರೆ. ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಅಂದರೆ ಈ ಸಾಫ್ಟ್‌ವೇರಿಗೆ ಕೈಪಿಡಿ ಬರೆದವರೇ ಇಲ್ಲ. ಕುಳಿತು ಬರೆದಿದ್ದರೆ, ಎರಡನೆಯ ಐಟಂ ಸೇರಿಸುವಾಗಲೇ ಈ ದೋಷ ಅವರ ಕಣ್ಣಿಗೆ ಬೀಳುತ್ತಿತ್ತು.

ಅದಕ್ಕೆ ಬಂದ ಉತ್ತರಗಳನ್ನು ನೋಡಿ. "ಚಿತ್ರ ಮಾದರಿಗೆ ಮಾತ್ರ ಸರ್." ತೆರಿಗೆ ತಪ್ಪು ಬಂದದ್ದಕ್ಕೆ, "ಒಂದು ಬಿಲ್ಲಿಗೆ ಒಂದೇ ದರದ ಸಾಮಾನು ಹಾಕಿ." ತೋಟದವನು ಪೈಪಿಗೊಂದು, ಪಂಪಿಗೊಂದು, ಗುದ್ದಲಿಗೊಂದು ಬಿಲ್ ಹಿಡಿದುಕೊಂಡು ಹೋಗಬೇಕೇ? ಹಣ ವಾಪಸು ಕೇಳಿದ್ದಕ್ಕೆ, "ಪ್ರಿಂಟ್ ಕೊಡುವ ಮುಂಚೆ ನೋಡುವುದು ನಿಮ್ಮ ಜವಾಬ್ದಾರಿ." ಪ್ರತಿ ಸಾಲನ್ನೂ ನಾನೇ ಲೆಕ್ಕ ಹಾಕಿ ನೋಡುವುದಾದರೆ ಬಿಲ್ ಪುಸ್ತಕ ಸಾಕಿತ್ತಲ್ಲ! ಕೊನೆಗೆ, "ಸರಿಪಡಿಸಬಹುದು, ಬೇರೆ ಚಾರ್ಜ್ ಆಗುತ್ತದೆ." ಅವರ ತಪ್ಪನ್ನು ತಿದ್ದಲು ನನ್ನ ದುಡ್ಡು. ಈಗ ಫೋನ್ ಎತ್ತುವುದಿಲ್ಲ.

ಇದು ಚಿಲ್ಲರೆ ವಿಷಯವಲ್ಲ. ತೆರಿಗೆ ಎಂದು ಗಿರಾಕಿಯಿಂದ ಪಡೆದದ್ದನ್ನು, ಸಾಮಾನಿಗೆ ತೆರಿಗೆ ಇರಲಿ ಬಿಡಲಿ, ಸರ್ಕಾರಕ್ಕೆ ಕಟ್ಟಲೇಬೇಕು. ನಾನೀಗ ಒಂದೊಂದೇ ಬಿಲ್ ಹುಡುಕಿ, ಹೆಚ್ಚು ಹಾಕಿದ ತೆರಿಗೆ ಕಳೆಯುವ ಕ್ರೆಡಿಟ್ ನೋಟ್ ಮಾಡುತ್ತಿದ್ದೇನೆ, ಗಿರಾಕಿಗಳಿಗೆ ಫೋನ್ ಮಾಡಿ ವಿವರಿಸುತ್ತಿದ್ದೇನೆ.

ಕೊಳ್ಳುವುದಿದ್ದರೆ ಅವರ ಮಾದರಿ ಬಿಲ್ ನೋಡಲೇಬೇಡಿ. ನಿಮ್ಮದೇ ಹಳೆಯ ಬಿಲ್ ಕೊಡಿ: ಮೂರು ದರ, ಹೊರರಾಜ್ಯದ ಗಿರಾಕಿ, ಸೇವ್ ಮಾಡಿದ ಮೇಲೆ ಇನ್ನೊಂದು ಐಟಂ. ನಿಮ್ಮ ಎದುರೇ ಮಾಡಿ ತೋರಿಸಲಿ. ಕೈಪಿಡಿಯ ಚಿತ್ರವನ್ನು ಪರದೆಯ ಪಕ್ಕದಲ್ಲಿಟ್ಟು ನೋಡಿ. ತಿಂಗಳ ಲೆಕ್ಕದಲ್ಲಿ ಹಣ ತೆಗೆದುಕೊಳ್ಳುವುದಿಲ್ಲ ಎಂದರೆ ಬಾಗಿಲು ತೋರಿಸಿ.

ಬಿಳಿ ಪಟ್ಟಿಯ ಕೈಪಿಡಿ ನಿಮ್ಮ ಬಳಿಯೂ ಇದ್ದರೆ, 11ನೇ ತಾರೀಖಿಗೆ ತಿಂಗಳ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ಸಲ್ಲಿಸುವ ಮುಂಚೆ, ಸೇವ್ ಮಾಡಿದ ಮೇಲೆ ಐಟಂ ಸೇರಿಸಿದ ಬಿಲ್‌ಗಳನ್ನೆಲ್ಲ ತೆಗೆದು ನೋಡಿ.