ನವಿಲಿನ ಬೀಟೆ ಕುರ್ಚಿಯೋ, ಬಳುಕುವ ಬೀಚ್ ಕುರ್ಚಿಯೋ?

ನಮ್ಮ ಮನೆ ಹಜಾರದಲ್ಲಿ ಎರಡು ಹಳೇ ತೂಗುಕುರ್ಚಿಗಳಿವೆ. ಒಂದು ಬೀಟೆ ಮರದ್ದು, ಬೆನ್ನಿನ ತುಂಬ ಕೆತ್ತನೆ. ಇನ್ನೊಂದು ಯುರೋಪಿನ ಬೀಚ್ (beech) ಅನ್ನೋ ಮರದ್ದು, ಒಂದು ಹೂವೂ ಕೆತ್ತಿಲ್ಲ, ಬರೀ ಬಳುಕು. ಎರಡರಲ್ಲೂ ಎರಡು ವರ್ಷ ಕೂತು, ಓದಿ, ತೂಕಡಿಸಿ ನೋಡಿದ್ದೇನೆ.

ಬೀಟೆಯದು ತಮಿಳುನಾಡಿನ ಕಾರೈಕುಡಿಯದು. ಅಲ್ಲಿನ ಮುನೀಶ್ವರನ್ ಕೋವಿಲ್ ಬೀದಿಯಲ್ಲಿ ಹಳೇ ಸಾಮಾನಿನ ಅಂಗಡಿಗಳ ಸಾಲೇ ಇದೆ. ಆ ಸುತ್ತಿನ ಚೆಟ್ಟಿನಾಡು ಸೀಮೆಯ ದೊಡ್ಡ ಮನೆಗಳ ಕಂಬ, ಬಾಗಿಲು, ಪೆಟ್ಟಿಗೆಗಳೆಲ್ಲ ಅಲ್ಲಿ ಸಿಗುತ್ತವೆ. ಈ ಕುರ್ಚಿಯ ಬೆನ್ನ ಮೇಲೆ ಎದುರುಬದುರಾಗಿ ಎರಡು ನವಿಲು, ನಡುವೆ ಬಳ್ಳಿ. ಎಡಗಡೆ ನವಿಲಿನ ಕಣ್ಣು ಬಲಗಡೆಯದಕ್ಕಿಂತ ಒಂದು ಎಳ್ಳಿನಷ್ಟು ಕೆಳಗಿದೆ. ಅದನ್ನು ನೋಡಿಯೇ ಕೊಂಡೆ. ಯಂತ್ರದ ಕೆತ್ತನೆಯಾದರೆ ಎರಡೂ ಕಡೆ ಅಚ್ಚು ಹೊಯ್ದ ಹಾಗಿರುತ್ತದೆ. ಉಳಿ ಹಿಡಿದ ಕೈ ಹಾಗೆ ಮಾಡೋದಿಲ್ಲ.

ಅದಕ್ಕೂ ಮೊದಲು ಒಂದು ಸಲ ಮೋಸ ಹೋಗಿದ್ದೆ. ನೂರು ವರ್ಷ ಹಳೇದು ಅಂತ ಒಬ್ಬರು ಕೊಟ್ಟ ಕುರ್ಚಿಯನ್ನು ಮನೆಗೆ ತಂದು ಬೋರಲು ಹಾಕಿದರೆ, ಕೆಳಗೆಲ್ಲ ಸ್ಟಾರ್ ಸ್ಕ್ರೂ, ತಲೆಯಲ್ಲಿ ಪ್ಲಸ್ ಗುರುತಿನ ಸೀಳಿರುವಂಥದ್ದು! ಅಂಥ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಒಂದೆರಡಿದ್ದರೆ ಆಮೇಲೆ ಮಾಡಿದ ರಿಪೇರಿ ಅನ್ನಬಹುದು, ಎಲ್ಲ ಕಡೆ ಅದೇ ಇದ್ದರೆ? ನೀವಂತೂ ದುಡ್ಡು ಕೊಡುವ ಮೊದಲೇ ಕುರ್ಚಿಯನ್ನು ಬೋರಲು ಹಾಕಿಸಿ. ಇಂಥ ಕೆತ್ತನೆಯ ಹಳೇ ಕುರ್ಚಿಯಲ್ಲಿ ಮರದ ಗೂಟ ಬಡಿದು ಕೂಡಿಸಿದ ಸಂದುಗಳಿರಬೇಕು. ನೆಲಕ್ಕೆ ತಾಗುವ ಬಾಗುಪಟ್ಟಿಯ ನಡುಭಾಗ ಸವೆದಿರಬೇಕು.

ಕೂರುವ ವಿಷಯಕ್ಕೆ ಬಂದರೆ ಬೀಟೆ ಸ್ವಲ್ಪ ಬಿಗಿ. ಬೆನ್ನಿನ ತುದಿಯಲ್ಲಿ ಭಾರವಾದ ಕೆತ್ತನೆ ಇರುವುದರಿಂದ ಕುರ್ಚಿ ಹಿಂದಕ್ಕೇ ವಾಲುತ್ತದೆ, ಮುಂದಕ್ಕೆ ಬರಲು ಕಾಲಿಂದ ಒತ್ತಬೇಕು. ಅರ್ಧ ಗಂಟೆ ಕಳೆದರೆ ನವಿಲಿನ ಕೊರಳು ಬೆನ್ನಿಗೆ ಚುಚ್ಚುತ್ತದೆ. ದಿಂಬು ಇಟ್ಟರೆ ಕೆತ್ತನೆಯೇ ಮುಚ್ಚಿಹೋಗುತ್ತದೆ, ನನಗೆ ಅದು ಸಹಿಸೋದಿಲ್ಲ.

ಬೀಚ್ ಕುರ್ಚಿ ಕೊಚ್ಚಿಯ ಮಟ್ಟಾಂಚೇರಿಯದು, ಥೋನೆಟ್ ಮಾದರಿ. ವಿಯೆನ್ನಾದ ಮೈಕೇಲ್ ಥೋನೆಟ್‌ನ ಕಂಪನಿ 1860ರ ಸುಮಾರಿಗೆ ಇಂಥ ತೂಗುಕುರ್ಚಿ ಮಾಡಲು ಶುರುಮಾಡಿತು. ಬೀಚ್ ಕೋಲುಗಳನ್ನು ಹಬೆಯಲ್ಲಿ ಬೇಯಿಸಿ, ಹೊರಮೈ ಸೀಳದ ಹಾಗೆ ಲೋಹದ ಪಟ್ಟಿ ಕಟ್ಟಿ ಬಗ್ಗಿಸುತ್ತಿದ್ದರು. ನನ್ನದರಲ್ಲಿ ಅವರ ಮುದ್ರೆ ಇಲ್ಲ, ಹಾಗಾಗಿ ಮಾದರಿ ಅಂತಷ್ಟೇ ಹೇಳುತ್ತೇನೆ. ಆದರೆ ತೂಗು ನೋಡಬೇಕು! ಉಸಿರು ಬಿಟ್ಟರೆ ಸಾಕು, ತಾನಾಗಿ ಹೋಗಿ ಬರುತ್ತದೆ. ಬೆತ್ತದ ಹೆಣಿಗೆಯಲ್ಲಿ ಗಾಳಿ ಆಡುವುದರಿಂದ ಏಪ್ರಿಲ್ ಸೆಕೆಯಲ್ಲೂ ಬೆನ್ನು ಬೆವರೋದಿಲ್ಲ. ಹಗುರ ಇರುವುದರಿಂದ ಟೈಲ್ಸ್ ಮೇಲೆ ಮಾತ್ರ ಜಾರುತ್ತಾ ಗೋಡೆವರೆಗೆ ಹೋಗುತ್ತದೆ, ಅದಕ್ಕೆ ಚಾಪೆ ಹಾಸಿದ್ದೇನೆ. ಒಂದು ಮಳೆಗಾಲದಲ್ಲಿ ಬೆತ್ತ ಜೋತುಬಿತ್ತು. ಎಳೆ ಕಡಿದಿರಲಿಲ್ಲ. ಕೆಳಗಡೆಯಿಂದ ಬಿಸಿನೀರಿನ ಬಟ್ಟೆ ಒತ್ತಿ, ರಾತ್ರಿಯಿಡೀ ನೆರಳಲ್ಲಿ ಬಿಟ್ಟೆ. ಬೆಳಗ್ಗೆ ಬಡಿದರೆ ತಮಟೆ ಥರ ಸದ್ದು ಬಂತು.

ಕಾಫಿ ತೋಟದ ಮನೆಗಳ ಉದ್ದ ಕೈಯ ಈಸಿ ಚೇರನ್ನೂ ಕೆಲವರು ಇದೇ ಸಾಲಿಗೆ ಸೇರಿಸುತ್ತಾರೆ. ಕಾಲು ಚಾಚಲು ಅದು ಚೆನ್ನ, ಆದರೆ ತೂಗೋದಿಲ್ಲವಲ್ಲ.

ದಿನಾ ಕೂರಲು ಒಂದೇ ಕುರ್ಚಿ ಕೊಳ್ಳುವುದಾದರೆ ಬೀಚ್‌ನದನ್ನೇ ತಗೊಳ್ಳಿ. ಸಂಗ್ರಹಕ್ಕೆ, ಮಕ್ಕಳಿಗೆ ಉಳಿಸಲಿಕ್ಕೆ ಅಂದರೆ ಬೀಟೆ. ಆ ಮರದಲ್ಲಿ ಅಂಥ ಕೆಲಸ ಇನ್ನು ಸುಲಭಕ್ಕೆ ಸಿಗೋದಿಲ್ಲ. ಹೊರದೇಶದಲ್ಲಿರುವವರು ಒಂದು ನೆನಪಿಡಿ, 2017ರಿಂದ ಬೀಟೆಯನ್ನು ಗಡಿ ದಾಟಿಸಲು ಸೈಟಿಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಕಾಗದಪತ್ರ ಬೇಕು.

ಸಂಜೆ ಬೀಚ್ ಕುರ್ಚಿ ಅಮ್ಮನದು, ಯಾರೂ ಮುಟ್ಟೋ ಹಾಗಿಲ್ಲ. ಭಾನುವಾರ ಬೆಳಗ್ಗೆ ನಾನು ಬೀಟೆಯ ಎದುರು ಕೂತು, ಪೇಂಟ್ ಬ್ರಷ್‌ನಿಂದ ನವಿಲಿನ ಗರಿಗಳ ಸಂದಿನ ಧೂಳು ತೆಗೆಯುತ್ತೇನೆ. ಒಂದೊಂದು ಗರಿಗೂ ಉಳಿಯ ಗುರುತು ಬೇರೆ ಬೇರೆ.