ಕೋಲಾರದ ವೇದಪಾಠ ತರಗತಿಯಲ್ಲಿ ಎಂಟು ಶನಿವಾರ

ಕೋಲಾರದ ಒಂದು ಕ್ರೈಸ್ತ ಸಭೆಯವರು ಕಳೆದ ಮಳೆಗಾಲದಲ್ಲಿ ಎಂಟು ಶನಿವಾರಗಳ ಸಂಜೆ ನಡೆಸಿದ ವೇದಪಾಠ ತರಗತಿಗೆ ನಾನು 700 ರೂಪಾಯಿ ಶುಲ್ಕ ಕೊಟ್ಟು ಸೇರಿದ್ದೆ. ಸತ್ಯವೇದವನ್ನು, ಅಂದರೆ ಬೈಬಲನ್ನು, ಕ್ರೈಸ್ತರು ಲೋಪವೇ ಇಲ್ಲದ ಗ್ರಂಥವೆಂದು ತಿಳಿಯಬೇಕೇ, ಇಲ್ಲವೇ ಮನುಷ್ಯರ ಕೈಯಿಂದ ಬಂದದ್ದರಿಂದ ಅದರಲ್ಲಿ ಮನುಷ್ಯಸಹಜವಾದ ತಪ್ಪುಗಳೂ ಇರಬಹುದೆಂದು ಒಪ್ಪಬೇಕೇ ಎಂಬ ಒಂದೇ ಪ್ರಶ್ನೆಯನ್ನು ಆ ತರಗತಿ ಆರಂಭದಿಂದ ಕೊನೆಯವರೆಗೆ ಹಿಡಿದುಕೊಂಡಿತ್ತು. ಮುಂದಿನ ತಂಡಕ್ಕೆ ಸೇರುವ ಯೋಚನೆಯಲ್ಲಿರುವವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ಒಟ್ಟಿನಲ್ಲಿ ನನ್ನ ಅಭಿಪ್ರಾಯ ತರಗತಿಯ ಪರವಾಗಿದೆ. ಆದರೆ ಕೊನೆಯ ವಾರ ನಡೆದ ಒಂದು ಸಂಗತಿ ನನಗೆ ನೋವು ತಂದಿತು. ಆದ್ದರಿಂದ ನಡೆಸುವವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಊರಿನ ಸಭೆಗಳವರಿಗೆ ಯಾವ ತರಗತಿಯೆಂದು ಹೇಗೂ ತಿಳಿಯುತ್ತದೆ.

ನಮ್ಮ ಮನೆತನಕ್ಕೆ ಸತ್ಯವೇದ ಬಂದದ್ದು ಧಾತು, ಈಶ್ವರ ಸಂವತ್ಸರಗಳ (1876–78) ಬರದ ಕಾಲದಲ್ಲಿ. ಆ ಬರದಲ್ಲಿ ತಂದೆತಾಯಿಯರನ್ನು ಕಳೆದುಕೊಂಡ ಮಕ್ಕಳಿಗಾಗಿ ಮಿಸ್ ಆನ್‌ಸ್ಟಿ ಎಂಬವರು ಕೋಲಾರದಲ್ಲಿ ತೆರೆದ ಅನಾಥಾಲಯವನ್ನು 1890ರಲ್ಲಿ ಅಮೆರಿಕದ ಮೆಥೊಡಿಸ್ಟ್ ಮಿಷನ್ ವಹಿಸಿಕೊಂಡಿತು. ನನ್ನ ಮುತ್ತಜ್ಜಿಯ ತಾಯಿ ಬೆಳೆದದ್ದು ಅಂಥ ಮಕ್ಕಳ ನಡುವೆ. ಅನ್ನ, ಅಕ್ಷರ, ದೇವರ ಹೆಸರು ಮೂರೂ ಒಂದೇ ಪುಸ್ತಕದ ಜೊತೆಯಲ್ಲಿ ಬಂದ ಮನೆಯಲ್ಲಿ, ಆ ಪುಸ್ತಕದಲ್ಲಿ ತಪ್ಪಿದೆಯೇ ಎಂದು ಕೇಳುವುದು ಸುಲಭವಲ್ಲ. ಆದರೂ ಪಿಯುಸಿ ಓದುತ್ತಿರುವ ನನ್ನ ಮಗಳು ಕೇಳಿದಳು. ಅರಸ ದಾವೀದನು ಜನಗಣತಿ ಮಾಡಿಸಿದಾಗ ಇಸ್ರಾಯೇಲಿನಲ್ಲಿ ಕತ್ತಿ ಹಿಡಿಯಬಲ್ಲ ಗಂಡಸರು 8 ಲಕ್ಷವೆಂದು ಎರಡನೆಯ ಸಮುವೇಲನ 24ನೆಯ ಅಧ್ಯಾಯ ಹೇಳಿದರೆ, 11 ಲಕ್ಷವೆಂದು ಮೊದಲನೆಯ ಪೂರ್ವಕಾಲವೃತ್ತಾಂತದ 21ನೆಯ ಅಧ್ಯಾಯ ಹೇಳುತ್ತದೆ. ಗಣತಿಗೆ ದಾವೀದನನ್ನು ಪ್ರೇರಿಸಿದವನು ಒಂದು ಕಡೆ ಯೆಹೋವನು, ಇನ್ನೊಂದು ಕಡೆ ಸೈತಾನನು. ನಂಬಿಕೆ ಇದ್ದವರಿಗೆ ಇಂಥ ಪ್ರಶ್ನೆ ಬರುವುದಿಲ್ಲ ಎಂಬುದು ಅವಳಿಗೆ ಭಾನುವಾರಶಾಲೆಯಲ್ಲಿ ಸಿಕ್ಕ ಉತ್ತರ. ಅದು ಸರಿಯಾದ ಉತ್ತರವಲ್ಲವೆಂದು ನನಗೆ ಗೊತ್ತಿತ್ತು. ಸರಿಯಾದದ್ದು ಯಾವುದೆಂದು ಗೊತ್ತಿರಲಿಲ್ಲ. ನಾನು ತರಗತಿಗೆ ಹೋದದ್ದು ಈ ಕಾರಣಕ್ಕೆ.

ಮೊದಲ ಶನಿವಾರವೇ ನನಗೆ ಈ ತರಗತಿಯ ಮೇಲೆ ವಿಶ್ವಾಸ ಮೂಡಿತು. ಪಾಠ ಹೇಳುವವರು ನಿವೃತ್ತ ದೇವಶಾಸ್ತ್ರದ ಅಧ್ಯಾಪಕರು, ಗ್ರೀಕ್ ಮತ್ತು ಹೀಬ್ರೂ ಬಲ್ಲವರು. ಅವರು ಯಾವ ಸಿದ್ಧಾಂತವನ್ನೂ ಮಂಡಿಸದೆ, ಎಲ್ಲರೂ ತಮ್ಮ ಮನೆಯಲ್ಲಿ ಓದುವ ಬೈಬಲನ್ನೇ ತರಬೇಕೆಂದು ಮೊದಲೇ ತಿಳಿಸಿದ್ದರು. ನಮ್ಮ ಜಿಲ್ಲೆಯಲ್ಲಿ ಇದರ ಅರ್ಥವೇನೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ: ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೆಂಚಿನ ಮೇಲೆ ಬಂದು ಕುಳಿತವು. ಯೋಹಾನನ ಮೊದಲನೆಯ ಪತ್ರಿಕೆಯ 5ನೆಯ ಅಧ್ಯಾಯದ 7 ಮತ್ತು 8ನೆಯ ವಚನಗಳನ್ನು ಮೂರು ಭಾಷೆಯವರೂ ಗಟ್ಟಿಯಾಗಿ ಓದಿದೆವು. ಕೆಜಿಎಫ್‌ನಿಂದ ಬಂದಿದ್ದ ಹಿರಿಯರ ತಮಿಳು ಬೈಬಲಿನಲ್ಲಿ, ಪರಲೋಕದಲ್ಲಿ ಸಾಕ್ಷಿ ಕೊಡುವವರು ತಂದೆ, ವಾಕ್ಯ (ಅಂದರೆ ಕ್ರಿಸ್ತ), ಪವಿತ್ರಾತ್ಮ ಎಂಬ ಮೂವರು ಎಂದಿತ್ತು. ನಮ್ಮ ಕನ್ನಡ ಸತ್ಯವೇದದಲ್ಲೂ ಮುಳಬಾಗಿಲಿನ ಕಡೆಯವರ ತೆಲುಗು ಬೈಬಲಿನಲ್ಲೂ ಆ ಮಾತು ಇರಲಿಲ್ಲ. ಅಲ್ಲಿ ಇದ್ದದ್ದು ಆತ್ಮ, ನೀರು, ರಕ್ತ ಎಂಬ ಮೂರರ ಸಾಕ್ಷಿ ಮಾತ್ರ. ಆ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಓದಿದರು. ತಂದೆ, ಮಗ, ಪವಿತ್ರಾತ್ಮ ಒಬ್ಬನೇ ದೇವರೆಂಬ ತ್ರಿಯೇಕತ್ವಕ್ಕೆ ತಾವು ಜೀವಮಾನವಿಡೀ ಆಧಾರವಾಗಿ ಹೇಳುತ್ತಿದ್ದ ವಚನ ಪಕ್ಕದವರ ಪುಸ್ತಕದಲ್ಲಿ ಇಲ್ಲ ಎಂಬುದು ಅವರಿಗೆ ಅಲ್ಲಿಯವರೆಗೆ ತಿಳಿದೇ ಇರಲಿಲ್ಲ.

ಅದರ ಚರಿತ್ರೆಯನ್ನು ಅಧ್ಯಾಪಕರು ನಿಧಾನವಾಗಿ ಬಿಡಿಸಿ ಹೇಳಿದರು. ಆ ವಾಕ್ಯ ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಇಲ್ಲ. ಅದು ಬೆಳೆದು ಬಂದದ್ದು ಲ್ಯಾಟಿನ್ ಪ್ರತಿಗಳಲ್ಲಿ. ಡಚ್ ವಿದ್ವಾಂಸ ಎರಾಸ್ಮಸ್ 1516ರಲ್ಲಿ ಅಚ್ಚು ಹಾಕಿಸಿದ ಗ್ರೀಕ್ ಹೊಸ ಒಡಂಬಡಿಕೆಯಲ್ಲಿ ಅದನ್ನು ಸೇರಿಸಿರಲಿಲ್ಲ. 1522ರ ಮೂರನೆಯ ಮುದ್ರಣದಲ್ಲಿ ಸೇರಿಸಿದರು. ಅಲ್ಲಿಂದ ಅದು 1611ರ ಇಂಗ್ಲಿಷ್ ಬೈಬಲಿಗೂ ಅದರ ಜಾಡಿನಲ್ಲಿ ನಡೆದ ಅನುವಾದಗಳಿಗೂ ಹೋಯಿತು. ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳು ನಾಲ್ಕನೆಯ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಪ್ರತಿಗಳಲ್ಲಿ ಇಲ್ಲವೆಂಬುದನ್ನೂ ಎರಡನೆಯ ವಾರ ನೋಡಿದೆವು. ಕನ್ನಡಿಗರಿಗೆ ಪಾಠಾಂತರ ಹೊಸ ಮಾತಲ್ಲ. ಕುಮಾರವ್ಯಾಸನ ಭಾರತದ ಓಲೆಗರಿ ಪ್ರತಿಗಳನ್ನು ಹೋಲಿಸಿ ಪಾಠವನ್ನು ನಿರ್ಣಯಿಸುವ ಕೆಲಸವನ್ನು ನಾವು ಗೌರವದಿಂದ ನೋಡುತ್ತೇವೆ. ಮಿಷನರಿಯ ಮಗನಾದ ಬಿ. ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ಹೊರತಂದದ್ದು ನಮ್ಮ ಕೋಲಾರ ಜಿಲ್ಲೆಯ ಶಾಸನಗಳನ್ನೇ. ಕಲ್ಲು ಕೆತ್ತಿದವನು ಒಂದು ಅಕ್ಷರ ಬಿಟ್ಟನೆಂಬ ಕಾರಣಕ್ಕೆ ದಾನವೇ ನಡೆದಿಲ್ಲವೆಂದು ಶಾಸನ ಓದುವವರು ಯಾರೂ ಹೇಳುವುದಿಲ್ಲ. ಇದೇ ಸಮಾಧಾನದಿಂದ ನಮ್ಮ ಶಾಸ್ತ್ರವನ್ನೂ ಓದಬಹುದೆಂದು ನನಗೆ ಅಲ್ಲಿಯವರೆಗೆ ಯಾರೂ ತೋರಿಸಿರಲಿಲ್ಲ.

ತರಗತಿಯಲ್ಲಿ ಯಾರೂ ಎತ್ತದಿದ್ದರೂ ನನಗೆ ಮುಖ್ಯವೆಂದು ತೋರುವ ಒಂದು ಮಾತನ್ನು ಇಲ್ಲಿ ಸೇರಿಸುತ್ತೇನೆ. ನಾವು ನಮ್ಮ ಗ್ರಂಥವನ್ನು ‘ಸತ್ಯವೇದ’ ಎಂದು ಕರೆಯುತ್ತೇವೆ. ‘ವೇದ’ ಎಂಬ ಮಾತಿನ ಜೊತೆಗೆ, ವೇದವು ಅಪೌರುಷೇಯ, ಅದಕ್ಕೆ ಮನುಷ್ಯಕರ್ತೃವಿಲ್ಲ ಎಂಬ ಈ ನೆಲದ ಹಳೆಯ ಭಾವನೆಯೂ ನಮ್ಮ ಮನಸ್ಸಿಗೆ ಬಂದು ಸೇರಿಕೊಂಡಿದೆ. ಆ ಭಾವನೆಗೆ ಅದರದೇ ಆದ ಗಾಂಭೀರ್ಯವಿದೆ, ಮೀಮಾಂಸಕರು ಅದಕ್ಕೆ ಬಹಳ ಸೂಕ್ಷ್ಮವಾದ ವಾದವನ್ನೂ ಕಟ್ಟಿದ್ದಾರೆ. ಆದರೆ ನಮ್ಮ ಗ್ರಂಥ ತನ್ನ ಬಗ್ಗೆ ಹಾಗೆ ಹೇಳಿಕೊಳ್ಳುವುದಿಲ್ಲ. ಲೂಕನು ಬೇರೆಯವರ ಬರಹಗಳನ್ನು ನೋಡಿ, ಎಲ್ಲವನ್ನೂ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆ ಎಂದು ಆರಂಭದಲ್ಲೇ ತಿಳಿಸುತ್ತಾನೆ. ಪೌಲನು ಕೊರಿಂಥದವರಿಗೆ ಬರೆಯುವಾಗ, ಕ್ರಿಸ್ಪ ಮತ್ತು ಗಾಯ ಇವರಿಬ್ಬರಿಗಲ್ಲದೆ ನಿಮ್ಮಲ್ಲಿ ಯಾರಿಗೂ ದೀಕ್ಷಾಸ್ನಾನ ಮಾಡಿಸಲಿಲ್ಲ ಎನ್ನುತ್ತಾನೆ. ಕೂಡಲೇ ಸ್ತೆಫನನ ಮನೆಯವರಿಗೂ ಮಾಡಿಸಿದ್ದು ನೆನಪಾಗಿ ಅದನ್ನು ಸೇರಿಸುತ್ತಾನೆ. ಇನ್ನಾರಿಗಾದರೂ ಮಾಡಿಸಿದ್ದೇನೋ ಇಲ್ಲವೋ ತಿಳಿಯದು ಎಂದು ಮುಂದುವರಿಯುತ್ತಾನೆ. ಮೊದಲು ಬರೆದದ್ದನ್ನು ಅಳಿಸಿ ತಿದ್ದಿದ ಪ್ರತಿಯಲ್ಲ ನಮಗೆ ಬಂದಿರುವುದು. ಅವನ ಮರೆವು, ಅವನ ತಿದ್ದುಪಡಿ ಎರಡೂ ಶಾಸ್ತ್ರದ ಒಳಗೇ ಇವೆ.

ಲೆಕ್ಕಗಳ ವಿಷಯಕ್ಕೆ ಎರಡು ವಾರ ಕೊಟ್ಟರು. ಇದನ್ನು ಒಂದೇ ವಾರದಲ್ಲಿ ಮುಗಿಸಬಹುದಿತ್ತು. ಯೆಹೂದದ ಅರಸ ಅಹಜ್ಯನು ಪಟ್ಟಕ್ಕೆ ಬಂದಾಗ 22 ವರ್ಷದವನೆಂದು ಎರಡನೆಯ ಅರಸುಗಳು ಹೇಳಿದರೆ, ಎರಡನೆಯ ಪೂರ್ವಕಾಲವೃತ್ತಾಂತದ ಹೀಬ್ರೂ ಪಾಠದಲ್ಲಿ 42 ಎಂದಿದೆ. ಅವನ ತಂದೆ ಯೆಹೋರಾಮನು ತೀರಿಹೋದದ್ದು 40ನೆಯ ವಯಸ್ಸಿನಲ್ಲಿ; ಹಾಗಾದರೆ ಮಗ ತಂದೆಗಿಂತ ಎರಡು ವರ್ಷ ದೊಡ್ಡವನಾಗುತ್ತಾನೆ. ಇದು ನಕಲು ಮಾಡುವವರ ಕೈತಪ್ಪು ಎಂಬುದನ್ನು ಲೋಪವಿಲ್ಲವೆನ್ನುವ ಪಕ್ಷದ ಅನೇಕ ವಿದ್ವಾಂಸರೂ ಒಪ್ಪುತ್ತಾರೆ. ಮತ್ತಾಯನು ಮೂವತ್ತು ಬೆಳ್ಳಿನಾಣ್ಯಗಳ ಪ್ರವಾದನೆಯನ್ನು ಯೆರೆಮೀಯನದೆಂದು ಹೇಳಿದ್ದಾನೆ, ಮಾತುಗಳು ಮಾತ್ರ ಬಹುಮಟ್ಟಿಗೆ ಜೆಕರ್ಯನವು. ಆ ಹೆಸರು ಅಲ್ಲಿಗೆ ಹೇಗೆ ಬಂತೋ ತನಗೆ ತಿಳಿಯದು, ಜೆಕರ್ಯನ ಹೆಸರಿರಬೇಕಾದ ಕಡೆ ತಪ್ಪಾಗಿ ಬಿದ್ದಿದೆ ಎಂದು ಹದಿನಾರನೆಯ ಶತಮಾನದ ಸಭಾಸುಧಾರಕ ಕ್ಯಾಲ್ವಿನ್ ತನ್ನ ವ್ಯಾಖ್ಯಾನದಲ್ಲಿ ಶಾಂತವಾಗಿ ಬರೆದು ಮುಂದೆ ಹೋಗುತ್ತಾನೆ. ಪ್ರಾಚೀನ ಸಭೆಯ ಗುರು ಅಗಸ್ಟೀನನು ಬೈಬಲಿನ ಲ್ಯಾಟಿನ್ ಅನುವಾದಕ ಜೆರೋಮನಿಗೆ ಬರೆದ ಪತ್ರದಲ್ಲಿ ಬೇರೆ ದಾರಿ ಹಿಡಿದಿದ್ದಾನೆ: ಶಾಸ್ತ್ರದಲ್ಲಿ ಸತ್ಯಕ್ಕೆ ವಿರುದ್ಧವೆಂದು ತೋರುವುದು ಸಿಕ್ಕರೆ ಪ್ರತಿ ಕೆಟ್ಟಿರಬೇಕು, ಇಲ್ಲವೇ ಅನುವಾದಕನು ತಪ್ಪಿರಬೇಕು, ಇಲ್ಲವೇ ನನಗೆ ಅರ್ಥವಾಗಿರಲಿಕ್ಕಿಲ್ಲ ಎಂದು. ಎರಡನ್ನೂ ಅಧ್ಯಾಪಕರು ಸಮಾನ ಗೌರವದಿಂದ ಓದಿಸಿದರು.

ಎಂಟು ವಾರಗಳಲ್ಲಿ ನನ್ನನ್ನು ಬಹಳ ಕಾಲ ಬಿಡದೆ ಹಿಡಿದದ್ದು ಐದನೆಯ ವಾರದ ಯೆರೆಮೀಯ 36ನೆಯ ಅಧ್ಯಾಯ. ಪ್ರವಾದಿ ಯೆರೆಮೀಯನು ಹೇಳುತ್ತಾನೆ, ಅವನ ಲೇಖಕ ಬಾರೂಕನು ಮಸಿಯಿಂದ ಸುರುಳಿಯಲ್ಲಿ ಬರೆಯುತ್ತಾನೆ. ಚಳಿಗಾಲದ ಅರಮನೆಯಲ್ಲಿ ಅಗ್ಗಿಷ್ಟಿಕೆಯ ಮುಂದೆ ಕುಳಿತ ಅರಸ ಯೆಹೋಯಾಕೀಮನು, ಮೂರು ನಾಲ್ಕು ಅಂಕಣಗಳನ್ನು ಸೇವಕನು ಓದಿದಂತೆಲ್ಲ ಚಾಕುವಿನಿಂದ ಕತ್ತರಿಸಿ ಬೆಂಕಿಗೆ ಹಾಕುತ್ತಾನೆ; ಸುರುಳಿ ಪೂರ್ತಿಯಾಗಿ ಸುಟ್ಟುಹೋಗುತ್ತದೆ. ಆಮೇಲೆ ಬಾರೂಕನು ಇನ್ನೊಂದು ಸುರುಳಿಯನ್ನು ಬರೆಯುತ್ತಾನೆ, ಮತ್ತು ಅಂಥ ಇನ್ನೂ ಅನೇಕ ಮಾತುಗಳು ಅದಕ್ಕೆ ಸೇರಿದವು ಎಂದು ಅಧ್ಯಾಯ ಮುಗಿಯುತ್ತದೆ. ಲೋಪವಿಲ್ಲದ ಗುಣ ಮೂಲಪ್ರತಿಗೆ ಮಾತ್ರ ಸಲ್ಲುತ್ತದೆ ಎನ್ನುವವರನ್ನು ನಾನು ವಿನಯದಿಂದ ಕೇಳುತ್ತೇನೆ: ಇಲ್ಲಿ ಮೂಲಪ್ರತಿ ಯಾವುದು? ಬೂದಿಯಾದದ್ದೇ, ಹೆಚ್ಚಿನ ಮಾತುಗಳೊಡನೆ ಮತ್ತೆ ಬಂದದ್ದೇ? ಗ್ರೀಕ್ ಅನುವಾದದ ಯೆರೆಮೀಯನು ಹೀಬ್ರೂ ಪಾಠಕ್ಕಿಂತ ಸುಮಾರು ಎಂಟನೆಯ ಒಂದು ಪಾಲಿನಷ್ಟು ಚಿಕ್ಕದು, ಮತ್ತು ಮೃತ ಸಮುದ್ರದ ಬಳಿ 1947ರ ನಂತರ ಸಿಕ್ಕ ಸುರುಳಿಗಳಲ್ಲಿ ಚಿಕ್ಕ ಪಾಠಕ್ಕೂ ದೊಡ್ಡ ಪಾಠಕ್ಕೂ ಹತ್ತಿರವಾದ ಹೀಬ್ರೂ ತುಣುಕುಗಳು ಸಿಕ್ಕಿವೆ. ಸುಟ್ಟರೂ ವಾಕ್ಯ ನಿಲ್ಲುವುದು ಆ ಅಧ್ಯಾಯದ ವಿಷಯ. ಅದೇ ಅಕ್ಷರಗಳು ಉಳಿಯುವುದು ಅದರ ವಿಷಯವಲ್ಲ. ಆ ಸಂಜೆ ತರಗತಿ ಅರ್ಧ ಗಂಟೆ ತಡವಾಗಿ ಮುಗಿದರೂ ಯಾರೂ ಎದ್ದು ಹೋಗಲಿಲ್ಲ.

ಆರನೆಯ ಮತ್ತು ಏಳನೆಯ ವಾರ ಸಭೆಗಳ ಅಧಿಕೃತ ಮಾತುಗಳನ್ನು ಓದಿದೆವು. 1978ರಲ್ಲಿ ಷಿಕಾಗೋದಲ್ಲಿ ಸೇರಿದ ಇವಾಂಜೆಲಿಕಲ್ ವಿದ್ವಾಂಸರ ಹೇಳಿಕೆಯ 19 ವಿಧಿಗಳು ಕೈಪಿಡಿಯಲ್ಲಿ ಪೂರ್ತಿಯಾಗಿ ಕನ್ನಡದಲ್ಲಿವೆ, ಇದೊಂದಕ್ಕೇ ಕೈಪಿಡಿಗೆ ಬೆಲೆಯಿದೆ. ದೈವಪ್ರೇರಣೆ ನೇರವಾಗಿ ಸಲ್ಲುವುದು ಮೂಲಪ್ರತಿಗೆ ಎಂದು ಅದರ ಹತ್ತನೆಯ ವಿಧಿ. ದುಂಡು ಸಂಖ್ಯೆಗಳು, ವ್ಯಾಕರಣದ ಅಕ್ರಮ, ಸಡಿಲವಾದ ಉಲ್ಲೇಖ ಇವನ್ನು ತಪ್ಪೆಂದು ಎಣಿಸಬಾರದೆಂದು ಹದಿಮೂರನೆಯದು. ಇದನ್ನು ಓದಿದ ಮೇಲೆ, ಆ ಪಕ್ಷದವರು ಕುರುಡು ಹಠದವರೆಂಬ ನನ್ನ ಎಣಿಕೆ ಬಿಟ್ಟುಹೋಯಿತು. 1965ರ ಎರಡನೆಯ ವ್ಯಾಟಿಕನ್ ಮಹಾಸಭೆ, ನಮ್ಮ ರಕ್ಷಣೆಗಾಗಿ ದೇವರು ಬರೆಯಿಸಬಯಸಿದ ಸತ್ಯವನ್ನು ಶಾಸ್ತ್ರವು ತಪ್ಪಿಲ್ಲದೆ ಕಲಿಸುತ್ತದೆ ಎಂದಿತು. 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆ, ಅಂದರೆ ಚಿಕ್ಕಬಳ್ಳಾಪುರದ ಹಳೆಯ ಲಂಡನ್ ಮಿಷನ್ ಸಭೆಗಳೂ ಸೇರಿಕೊಂಡ ಸಭೆ, ರಕ್ಷಣೆಗೆ ಬೇಕಾದದ್ದೆಲ್ಲ ಶಾಸ್ತ್ರದಲ್ಲಿದೆ, ನಂಬಿಕೆಗೆ ಅದೇ ಪರಮ ಪ್ರಮಾಣ ಎನ್ನುತ್ತದೆ. ಮೆಥೊಡಿಸ್ಟರ ಐದನೆಯ ವಿಧಿಯೂ ರಕ್ಷಣೆಗೆ ಬೇಕಾದದ್ದೆಲ್ಲ ಶಾಸ್ತ್ರದಲ್ಲಿದೆ ಎಂದೇ ಆರಂಭವಾಗುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ ಎಂಬ ಮಾತು ಈ ಎರಡರಲ್ಲೂ ಇಲ್ಲ. ಆದರೆ ಮೆಥೊಡಿಸ್ಟರ ಮೂಲಪುರುಷ ಜಾನ್ ವೆಸ್ಲಿಯೇ 1776ರ ದಿನಚರಿಯಲ್ಲಿ, ಬೈಬಲಿನಲ್ಲಿ ಒಂದು ತಪ್ಪಿದ್ದರೆ ಸಾವಿರವೂ ಇರಬಹುದು ಎಂದು ಬರೆದದ್ದನ್ನು ಅಧ್ಯಾಪಕರು ಮರೆಮಾಚಲಿಲ್ಲ.

ಇಷ್ಟು ಬಿಚ್ಚುಮನಸ್ಸಿನಿಂದ ನಡೆದ ತರಗತಿ ಎಂಟನೆಯ ವಾರ ದಾರಿ ಬದಲಿಸಿತು. ಅಂದು ಪಾಠ ಹೇಳಲು ಬಂದವರು ಬೇರೊಬ್ಬರು. ಮುದ್ರಿಸಿದ ಒಂದು ಹಾಳೆಯನ್ನು ಎಲ್ಲರಿಗೂ ಹಂಚಿ, ಸತ್ಯವೇದವು ಚರಿತ್ರೆಯಲ್ಲಿಯೂ ಸಂಖ್ಯೆಯಲ್ಲಿಯೂ ಲೋಪರಹಿತವೆಂದು ನಂಬುವವರು ರುಜು ಹಾಕಬೇಕೆಂದರು. ಹಾಕಿದವರಿಗೆ ಮಾತ್ರ ಪ್ರಮಾಣಪತ್ರ ಕೊಡುವುದಾಗಿ ಹೇಳಿದರು. ಶುಲ್ಕ ತೆಗೆದುಕೊಳ್ಳುವಾಗ ಈ ಷರತ್ತನ್ನು ತಿಳಿಸಿರಲಿಲ್ಲ. ನಾನು ರುಜು ಹಾಕಲಿಲ್ಲ, ಕೆಜಿಎಫ್‌ನ ಆ ಹಿರಿಯರೂ ಹಾಕಲಿಲ್ಲ. ಪ್ರಮಾಣಪತ್ರ ಹೋದದ್ದಕ್ಕೆ ನನಗೆ ದುಃಖವಿಲ್ಲ. ಏಳು ವಾರ ಕಣ್ಣಾರೆ ನೋಡಿದ್ದನ್ನು ಎಂಟನೆಯ ವಾರ ನೋಡಲಿಲ್ಲವೆಂದು ಬರೆದುಕೊಡಬೇಕಾದ ಸ್ಥಿತಿಯನ್ನು ದೇವರ ವಾಕ್ಯದ ಹೆಸರಿನಲ್ಲಿ ಏರ್ಪಡಿಸಿದ್ದು ದುಃಖದ ಸಂಗತಿ. ಮುಂದಿನ ತಂಡದಲ್ಲಿ ಈ ಹಾಳೆಯನ್ನು ಕೈಬಿಡಬೇಕೆಂದು ನಡೆಸುವವರಿಗೆ ಪತ್ರ ಬರೆದಿದ್ದೇನೆ.

ನನಗೆ ದೊರೆತ ಉತ್ತರವನ್ನು ಮಗಳಿಗೆ ಹೇಳಿದ್ದು ಹೀಗೆ. ಪೌಲನು ತಿಮೊಥೆಯನಿಗೆ ಬರೆದ ಪ್ರಸಿದ್ಧ ವಚನ, ‘ದೈವಪ್ರೇರಿತವಾದ ಪ್ರತಿಯೊಂದು ಶಾಸ್ತ್ರವು’ ಉಪದೇಶಕ್ಕೂ ಖಂಡನೆಗೂ ತಿದ್ದುಪಾಟಿಗೂ ನೀತಿಶಿಕ್ಷೆಗೂ ಉಪಯುಕ್ತ ಎನ್ನುತ್ತದೆ. ಪ್ರೇರಣೆಯ ಫಲವೆಂದು ಅಲ್ಲಿ ಹೇಳಿರುವುದು ಮನುಷ್ಯನನ್ನು ತಿದ್ದುವ ಶಕ್ತಿಯನ್ನು, ಗಣತಿಯ ಅಂಕಿಗಳ ಹೊಂದಿಕೆಯನ್ನಲ್ಲ. ಕೀರ್ತನೆ 19ರಲ್ಲಿ ಯೆಹೋವನ ಧರ್ಮಶಾಸ್ತ್ರವು ‘ಲೋಪವಿಲ್ಲದ್ದು’ ಎಂದಿದೆ, ಕೂಡಲೇ ಅದು ಪ್ರಾಣವನ್ನು ಉಜ್ಜೀವಿಸಮಾಡುತ್ತದೆ ಎಂದಿದೆ. ಅದರ ಮುಂದೆಯೇ ಯೆಹೋವನ ಕಟ್ಟಳೆ ‘ನಂಬಿಕೆಗೆ ಯೋಗ್ಯವಾದದ್ದು’ ಎಂದಿದೆ. ಬರದಲ್ಲಿ ಅನಾಥಳಾದ ಒಬ್ಬ ಹುಡುಗಿಯನ್ನು ಉಜ್ಜೀವಿಸಿದ ಪುಸ್ತಕವನ್ನು ನಾನು ಆ ಅರ್ಥದಲ್ಲಿ ಪೂರ್ತಿಯಾಗಿ ನಂಬುತ್ತೇನೆ, 8 ಲಕ್ಷವೋ 11 ಲಕ್ಷವೋ ಎಂಬುದರಲ್ಲಿ ಒಂದು ಪುಸ್ತಕದವರ ಲೆಕ್ಕ ತಪ್ಪಿರಬಹುದೆಂದು ಒಪ್ಪುತ್ತೇನೆ, ಮತ್ತು ಈ ಎರಡನೆಯದು ಮೊದಲನೆಯದನ್ನು ಅಲುಗಿಸುವುದಿಲ್ಲವೆಂದು ಎಂಟು ವಾರಗಳ ಓದಿನ ನಂತರ ಧೈರ್ಯವಾಗಿ ಹೇಳಬಲ್ಲೆ.

ಸೇರುವವರಿಗೆ ಕೆಲವು ಮಾತು. ಕೈಪಿಡಿಯ ಅಕ್ಷರಗಳು ಚಿಕ್ಕವು, ವಚನಸಂಖ್ಯೆಗಳಲ್ಲಿ ಮೂರು ಕಡೆ ಅಚ್ಚಿನ ತಪ್ಪಿದೆ, ತಪ್ಪೊಪ್ಪೋಲೆ ಕೊಟ್ಟಿಲ್ಲ. ಸಂಜೆ ಐದೂವರೆಗೆ ಆರಂಭವೆಂದಿದ್ದರೂ ಆರಕ್ಕೆ ಮೊದಲು ಶುರುವಾಗುವುದಿಲ್ಲ. ಶ್ರೀನಿವಾಸಪುರ, ಬಂಗಾರಪೇಟೆಗಳ ಕಡೆಯಿಂದ ಬರುವವರು ಹಿಂತಿರುಗುವ ಬಸ್ಸಿನ ಸಮಯವನ್ನು ನೋಡಿಕೊಂಡು ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುವುದು ಒಳ್ಳೆಯದು. ಮನೆಯಲ್ಲಿ ಬೇರೆ ಬೇರೆ ಭಾಷೆಯ ಬೈಬಲುಗಳಿದ್ದರೆ ಎಲ್ಲವನ್ನೂ ತನ್ನಿ. ರುಜುವಿನ ಹಾಳೆಯ ಬಗ್ಗೆ ಶುಲ್ಕ ಕೊಡುವ ಮೊದಲೇ ಕೇಳಿ ತಿಳಿದುಕೊಳ್ಳಿ. ನನ್ನ ಮಗಳು ತನ್ನ ಸತ್ಯವೇದದಲ್ಲಿ ಪೂರ್ವಕಾಲವೃತ್ತಾಂತದ ಆ ಪುಟದ ಅಂಚಿಗೆ ‘2 ಸಮುವೇಲ 24:9 ನೋಡು’ ಎಂದು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಾಳೆ; ಕ್ರಿಸ್‌ಮಸ್ ಕಳೆದ ಮೇಲೆ ಆರಂಭವಾಗುವ ತಂಡಕ್ಕೆ ಅವಳ ಹೆಸರನ್ನು ಕೊಟ್ಟು ಬಂದಿದ್ದೇನೆ.